ಬೆಳಗಿನ ಓಟಕ್ಕೆ ಮೊದಲು ಏನಾದರೂ ತಿನ್ನಬೇಕಾ, ಬರಿ ಹೊಟ್ಟೆಯಲ್ಲೇ ಓಡಬಹುದಾ?

ಕೈಮರ_ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಾವು ಹತ್ತು ಹನ್ನೆರಡು ಜನ ಒಟ್ಟಿಗೆ ಓಡುತ್ತೇವೆ. ಐದಕ್ಕೆ ಏಳುವುದು, ಐದೂಮುಕ್ಕಾಲಿಗೆ ಜಿಲ್ಲಾ ಆಟದ ಮೈದಾನದಲ್ಲಿ ಸೇರುವುದು. ವಾರದಲ್ಲಿ ಎರಡು ದಿನ ಮಾತಾಡಿಕೊಂಡು ಓಡುವಂಥ 6–7 ಕಿ.ಮೀ. ನಿಧಾನದ ಓಟ. ಒಂದು ದಿನ ಮೈದಾನದಲ್ಲೇ 400 ಮೀಟರ್ ಸುತ್ತುಗಳ ವೇಗದ ಅಭ್ಯಾಸ. ಭಾನುವಾರ ಕೈಮರದ ಕಡೆ ಏರುದಾರಿಯಲ್ಲಿ 16–18 ಕಿ.ಮೀ. ಗುಂಪಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗರಿದ್ದಾರೆ, ನಾಲ್ಕು ಜನ ಹೆಣ್ಣುಮಕ್ಕಳಿದ್ದಾರೆ, ಐವತ್ತು ದಾಟಿದವರೂ ಇದ್ದಾರೆ. ಹಿರಿಯರಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ, ಮಾತ್ರೆ ತಗೊಳ್ಳುತ್ತಾರೆ.

ತಿನ್ನುವ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಕೆಲವರು ದೊಡ್ಡ ಲೋಟದ ತುಂಬ ಹಾಲು ಹಾಕಿದ ಕಾಫಿ ಕುಡಿದು ಬರುತ್ತಾರೆ. ಕೆಲವರು ನೀರನ್ನೂ ಮುಟ್ಟುವುದಿಲ್ಲ. ಹುಡುಗರು ನೆನೆಸಿದ ಕಡಲೆಕಾಳು, ಬೇಯಿಸಿದ ಮೊಟ್ಟೆ ತಿಂದು ಬರುತ್ತಾರೆ. ವೇಗದ ಅಭ್ಯಾಸದ ದಿನ ಇಬ್ಬರು ಮೂವರಿಗೆ ಹೊಟ್ಟೆ ತೊಳಸುತ್ತದೆ. ಭಾನುವಾರ 12 ಕಿ.ಮೀ. ದಾಟಿದ ಮೇಲೆ ಕೆಲವರಿಗೆ ಕಾಲು ಸೋತು ತಲೆ ಹಗುರವಾದ ಹಾಗಾಗುತ್ತದೆ. ರಾತ್ರಿ ಊಟ ಎಲ್ಲರದೂ ಹೆಚ್ಚುಕಡಿಮೆ ಒಂಬತ್ತೂವರೆಗೆ: ಮುದ್ದೆ, ಕಾಳಿನ ಸಾರು, ಅನ್ನ.

ಯಾವ ಓಟಕ್ಕೆ ಎಷ್ಟು, ಎಷ್ಟು ಹೊತ್ತು ಮೊದಲು, ನಮ್ಮ ಕಡೆ ಸಿಗುವ ಪದಾರ್ಥಗಳಲ್ಲಿ ಏನು ತಿನ್ನಬೇಕು ಅಂತ ತಿಳಿದವರು ಗ್ರಾಂ ಲೆಕ್ಕದಲ್ಲಿ ಹೇಳಿದರೆ ಗುಂಪಿಗೆ ಒಂದೇ ಪದ್ಧತಿ ಮಾಡಿಕೊಳ್ಳಬಹುದು.

---

ಹಾಸನ_400

ಮೂರು ಬಗೆಯ ಓಟಕ್ಕೆ ಮೂರು ಉತ್ತರ ಇದೆ. ನಿಮ್ಮ ಗುಂಪಿನಲ್ಲಿ ಪ್ರತಿಯೊಬ್ಬರ ಮಾತೂ ವಾರದ ಯಾವುದೋ ಒಂದು ದಿನಕ್ಕೆ ಸರಿಯಾಗಿಯೇ ಇದೆ.

ಮೊದಲು ದೇಹದಲ್ಲಿ ದಾಸ್ತಾನು ಎಷ್ಟಿರುತ್ತದೆ ನೋಡಿ. ನಾವು ತಿಂದ ಮುದ್ದೆ, ಅನ್ನದ ಸಕ್ಕರೆ ಗ್ಲೈಕೋಜನ್ ಆಗಿ ಎರಡು ಕಡೆ ಸೇರುತ್ತದೆ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಯಕೃತ್ತಿನಲ್ಲಿ 80ರಿಂದ 100 ಗ್ರಾಂ. ರಾತ್ರಿಯಿಡೀ ಮಿದುಳಿಗೆ ಸಕ್ಕರೆ ಒದಗಿಸುವುದು ಯಕೃತ್ತು, ಹಾಗಾಗಿ ಬೆಳಗಾಗುವಷ್ಟರಲ್ಲಿ ಅಲ್ಲಿನ ದೊಡ್ಡ ಪಾಲು ಖರ್ಚಾಗಿರುತ್ತದೆ. ಕಾಲಿನ ಸ್ನಾಯುಗಳಲ್ಲಿರುವುದು ನಿದ್ದೆಯಲ್ಲಿ ಕರಗುವುದಿಲ್ಲ. ಆದರೆ ಅದು ಆ ಸ್ನಾಯುವಿಗಷ್ಟೇ ಮೀಸಲು. ಗ್ಲೈಕೋಜನ್ನಿನ ಸಕ್ಕರೆಯನ್ನು ವಾಪಸ್ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿ ಇಲ್ಲ. ಭಾನುವಾರ ಕಾಲಲ್ಲಿ ಇನ್ನೂ ದಾಸ್ತಾನು ಇರುವಾಗಲೇ ತಲೆ ಹಗುರವಾಗುವುದಕ್ಕೆ ಇದು ಕಾರಣ: ಖಾಲಿಯಾಗಿರುವುದು ಯಕೃತ್ತು.

ನಿಧಾನದ 6–7 ಕಿ.ಮೀ.: ಏನೂ ಬೇಡ. ಒಂದು ಕಿಲೋ ತೂಕಕ್ಕೆ ಒಂದು ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಅಂತ ಲೆಕ್ಕ ಇಟ್ಟುಕೊಳ್ಳಿ. 62 ಕಿಲೋದವರು 7 ಕಿ.ಮೀ. ಓಡಿದರೆ 430ರ ಆಸುಪಾಸು. ಮಾತಾಡಿಕೊಂಡು ಓಡುವ ವೇಗದಲ್ಲಿ ಅದರ ಒಳ್ಳೆಯ ಪಾಲು ಕೊಬ್ಬಿನಿಂದಲೇ ಬರುತ್ತದೆ, ಮಿಕ್ಕಿದ್ದಕ್ಕೆ ಸ್ನಾಯುವಿನ ದಾಸ್ತಾನು ಬೇಕಾದಷ್ಟಾಯಿತು. ಎದ್ದ ಕೂಡಲೇ 200–300 ಮಿ.ಲೀ. ನೀರು ಕುಡಿಯಿರಿ, ಸಾಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆಗ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಕುಡಿಯಲು ಮನಸ್ಸು ಬರುತ್ತದೆ. ಯಾರಿಗಾದರೂ ಬರಿ ಹೊಟ್ಟೆಯಲ್ಲಿ ಕಣ್ಣು ಕತ್ತಲೆ ಬರುವ ಅಭ್ಯಾಸವಿದ್ದರೆ ಅವರು ಮಾತ್ರ ಒಂದು ಏಲಕ್ಕಿ ಬಾಳೆ ತಿನ್ನಲಿ.

ವೇಗದ ಅಭ್ಯಾಸ: ಇಲ್ಲಿ ಉರಿಯುವುದು ಬಹುತೇಕ ಸಕ್ಕರೆಯೇ. ಜೊತೆಗೆ ಜೋರಾಗಿ ಓಡುವಾಗ ಹೊಟ್ಟೆ, ಕರುಳಿಗೆ ಹೋಗುವ ರಕ್ತ ತೀರಾ ಕಡಿಮೆಯಾಗುತ್ತದೆ. ಕಾಲಿಗೆ, ಚರ್ಮಕ್ಕೆ ತಿರುಗುತ್ತದೆ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಹಾಲು, ಮೊಟ್ಟೆ, ಕಡಲೆಕಾಳು ಇದ್ದರೆ ಅದು ಅಲ್ಲೇ ನಿಂತು ಕುಲುಕಾಡುತ್ತದೆ. ಕೊಬ್ಬು, ಪ್ರೋಟೀನ್, ನಾರು ಮೂರೂ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುವಂಥವು. ಹುಡುಗರ ಮೊಟ್ಟೆ, ಕಡಲೆ ಒಳ್ಳೆಯ ಆಹಾರವೇ, ಗಂಟೆ ತಪ್ಪಾಗಿದೆ. ಓಟ ಮುಗಿದ ಮೇಲೆ ತಿನ್ನಲಿ.

ಈ ದಿನಕ್ಕೆ 20–25 ಗ್ರಾಂ ಕಾರ್ಬೋಹೈಡ್ರೇಟ್ ಸಾಕು. ಎರಡು ಏಲಕ್ಕಿ ಬಾಳೆ, ಇಲ್ಲವೇ ಬೆಣ್ಣೆ ಸವರದ ಎರಡು ಬ್ರೆಡ್ ಹೋಳು. ಐದು, ಐದೂಕಾಲಿಗೆ ತಿಂದರೆ ಆರಕ್ಕೆ ಶುರುಮಾಡಬಹುದು. ಕೆಲವರಲ್ಲಿ ಸಿಹಿ ತಿಂದು ಅರ್ಧ ಮುಕ್ಕಾಲು ಗಂಟೆಗೆ ಸರಿಯಾಗಿ ಓಟ ಶುರುಮಾಡಿದರೆ ಮೊದಲ ಹದಿನೈದು ಇಪ್ಪತ್ತು ನಿಮಿಷ ರಕ್ತದ ಸಕ್ಕರೆ ಕೆಳಗಿಳಿಯುತ್ತದೆ. ಇನ್ಸುಲಿನ್ ಏರಿರುವ ಹೊತ್ತಿಗೇ ಸ್ನಾಯುಗಳೂ ಸಕ್ಕರೆ ಎಳೆಯಲು ತೊಡಗುವುದರಿಂದ ಹೀಗಾಗುತ್ತದೆ. ಹೆಚ್ಚಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಕೈ ನಡುಗುವುದು, ಬೆವರು, ಸುಸ್ತು ಅನ್ನಿಸುವವರು ಮೈದಾನಕ್ಕೆ ಬಂದು, ವಾರ್ಮ್‌ಅಪ್ ಮುಗಿಸಿ, ಓಡುವ 5–10 ನಿಮಿಷ ಮೊದಲು ತಿನ್ನಲಿ. ಆಗ ಈ ಇಳಿತ ಇರುವುದಿಲ್ಲ.

ಹೊಟ್ಟೆ ತೊಳಸುವುದಕ್ಕೆ ಊಟವೊಂದೇ ಕಾರಣ ಅಂತ ತಿಳಿಯಬೇಡಿ. ವಾರ್ಮ್‌ಅಪ್ ಇಲ್ಲದೆ ಮೊದಲ ಸುತ್ತನ್ನೇ ಶಕ್ತಿಮೀರಿ ಓಡಿದರೂ ಹೀಗಾಗುತ್ತದೆ. 12–15 ನಿಮಿಷ ನಿಧಾನವಾಗಿ ಓಡಿ, ನಾಲ್ಕು ಸಲ 80 ಮೀಟರ್ ವೇಗ ಏರಿಸಿ ನೋಡಿ, ಆಮೇಲೆ ಸುತ್ತು ಶುರುಮಾಡಿ. ಮೊದಲ ಎರಡು ಸುತ್ತು ಗುರಿಗಿಂತ 3–4 ಸೆಕೆಂಡ್ ನಿಧಾನವಾಗಿರಲಿ. ಹಾಗೂ ವಾಂತಿ ಬಂದಂತಾದರೆ ಆಗ ಊಟದ ಕಡೆ ನೋಡಿ.

ಭಾನುವಾರ: ಇಲ್ಲಿ ತಿನ್ನಲೇಬೇಕು. ಏರುದಾರಿ ಸೇರಿ ಎರಡು ಗಂಟೆ ಹಿಡಿಯುವ ಓಟ. ಹೊರಡುವ 45 ನಿಮಿಷ ಮೊದಲು 30–40 ಗ್ರಾಂ ಕಾರ್ಬೋಹೈಡ್ರೇಟ್, ಆಮೇಲೆ ದಾರಿಯಲ್ಲಿ ಗಂಟೆಗೆ 30–40 ಗ್ರಾಂ. ದಾರಿಯ ಮೊದಲ ತುತ್ತು 35–40ನೇ ನಿಮಿಷಕ್ಕೇ ಹೋಗಬೇಕು. ಸುಸ್ತಾದ ಮೇಲೆ ತಿಂದದ್ದು ರಕ್ತ ಸೇರುವಷ್ಟರಲ್ಲಿ ಇನ್ನೆರಡು ಕಿಲೋಮೀಟರ್ ಒದ್ದಾಡಿರುತ್ತೀರಿ.

---

ತಕ್ಕಡಿ_ತಟ್ಟೆ

ಮೇಲಿನವರು ಬೆಳಗಿನದನ್ನು ಹೇಳಿದ್ದಾರೆ. ಆಹಾರ ಸಲಹೆಯ ಕೆಲಸದಲ್ಲಿರುವವಳಾಗಿ ನಾನು ಹಿಂದಿನ ರಾತ್ರಿಯ ಬಗ್ಗೆ ಹೇಳುತ್ತೇನೆ. ಐದಕ್ಕೆ ಎದ್ದು ಐದೂಮುಕ್ಕಾಲಿಗೆ ಓಡುವವರಿಗೆ ಪೂರ್ತಿ ತಿಂಡಿ ತಿನ್ನಲು ಸಮಯವೇ ಇಲ್ಲ. ಅವರ ಓಟದ ಮುಖ್ಯ ಊಟ ರಾತ್ರಿಯದೇ.

ರಾಗಿ ಮುದ್ದೆಯ ಬಗ್ಗೆ ಯಾರೂ ಅನುಮಾನ ಪಡಬೇಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ, 11 ಗ್ರಾಂ ನಾರಿದೆ. ರಾತ್ರಿ ಎಂಟರ ಹೊತ್ತಿಗೆ ತಿಂದರೆ ಬೆಳಗಿನ ದಾಸ್ತಾನಿಗೆ ಇದಕ್ಕಿಂತ ಒಳ್ಳೆಯದು ಹುಡುಕಬೇಕಾಗಿಲ್ಲ. ತೊಂದರೆ ಕೊಡುವುದು ಮುದ್ದೆಯ ಜೊತೆಗಿನ ಸಾರು. ಅವರೆಕಾಳು, ಹುರುಳಿ, ಅಲಸಂದೆ, ಕಡಲೆ ಇವುಗಳಲ್ಲಿ ನಮ್ಮ ಸಣ್ಣಕರುಳು ಜೀರ್ಣಿಸಲಾರದ ಒಂದು ಬಗೆಯ ಸಕ್ಕರೆ ಇರುತ್ತದೆ. ಅದು ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಒಂಬತ್ತೂವರೆಗೆ ತಿಂದರೆ ಆ ಗ್ಯಾಸ್ ಕಟ್ಟುವ ಹೊತ್ತು ಸರಿಯಾಗಿ ನಿಮ್ಮ ಓಟದ ಹೊತ್ತೇ. ಅವರೆಕಾಯಿ ಕಾಲದಲ್ಲಿ ಮನೆಮನೆಯಲ್ಲೂ ದಿನಾ ಅದೇ ಸಾರು ಇರುತ್ತದಲ್ಲ, ಆಗ ಬೆಳಿಗ್ಗೆ ಹೊಟ್ಟೆ ಉಬ್ಬರ, ಅರ್ಧ ದಾರಿಯಲ್ಲಿ ಕಕ್ಕಸಿನ ಅವಸರ ಅನ್ನುವ ದೂರು ಸಹಜ. ಹಿದುಕಿದ ಬೇಳೆ ಆದರೆ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಸಿಪ್ಪೆ ಹೋದರೆ ನಾರು ಕಡಿಮೆಯಾಗುತ್ತದೆ ನಿಜ, ಆದರೆ ಗ್ಯಾಸ್ ಮಾಡುವ ಸಕ್ಕರೆ ಬೇಳೆಯೊಳಗೇ ಇದೆ. ಒಣಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಸಾಕಷ್ಟು ಕಡಿಮೆಯಾಗುತ್ತದೆ.

ಹಾಗಾಗಿ ಶನಿವಾರ ರಾತ್ರಿ ಮತ್ತು ವೇಗದ ಅಭ್ಯಾಸದ ಹಿಂದಿನ ರಾತ್ರಿ ಕಾಳು, ಎಲೆಕೋಸು, ಹೆಚ್ಚು ಸೊಪ್ಪು ಬೇಡ. ಒಂದು ಮುದ್ದೆ, ತೊಗರಿಬೇಳೆಯ ತೆಳ್ಳಗಿನ ಸಾರು, ಮಾಮೂಲಿಗಿಂತ ಅರ್ಧ ಬಟ್ಟಲು ಹೆಚ್ಚು ಅನ್ನ, ಮಜ್ಜಿಗೆ. ಒಂಬತ್ತೂವರೆಯನ್ನು ಎಂಟಕ್ಕೆ ತರಲು ಆದರೆ ತನ್ನಿ. ಕಾಳಿನ ಸಾರನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಆಗ ಅದರ ಪ್ರೋಟೀನ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಬೆಳಗಿನ ಪದಾರ್ಥಗಳ ಕಾರ್ಬೋಹೈಡ್ರೇಟ್ ಅಂದಾಜು ಹೀಗಿದೆ. ಏಲಕ್ಕಿ ಬಾಳೆ ಒಂದಕ್ಕೆ 12 ಗ್ರಾಂ, ದೊಡ್ಡ ಪಚ್ಚಬಾಳೆಗೆ 25. ಬ್ರೆಡ್ ಹೋಳಿಗೆ 12–14. ಮಧ್ಯಮ ಗಾತ್ರದ ಇಡ್ಲಿಗೆ 10–12. ಬೆಲ್ಲ 10 ಗ್ರಾಂ ಅಂದರೆ 9 ಗ್ರಾಂಗೂ ಸ್ವಲ್ಪ ಮೇಲೆ. ಒಂದು ಹಿಡಿ ತೆಳು ಅವಲಕ್ಕಿ, 30 ಗ್ರಾಂ ತೂಗಿದರೆ, 23. ತೆಳ್ಳಗಿನ ರಾಗಿ ಗಂಜಿಯನ್ನು 15 ಗ್ರಾಂ ಹಿಟ್ಟು, 15 ಗ್ರಾಂ ಬೆಲ್ಲ, 250 ಮಿ.ಲೀ. ನೀರು, ಚಿಟಿಕೆ ಉಪ್ಪು ಹಾಕಿ ಕಾಯಿಸಿದರೆ 24 ಗ್ರಾಂ ಬರುತ್ತದೆ, ನಾರು ಎರಡು ಗ್ರಾಂ ಒಳಗೇ ಇರುತ್ತದೆ. ಹಾಲು ಹಾಕಬೇಡಿ. ಅಗಿಯಲು ಮನಸ್ಸಿಲ್ಲದ ಚಳಿ ಬೆಳಗಿಗೆ ಈ ಗಂಜಿ ಬಹಳ ಹೊಂದುತ್ತದೆ, ದ್ರವವಾದ್ದರಿಂದ ಹೊಟ್ಟೆಯಿಂದ ಬೇಗ ಇಳಿಯುತ್ತದೆ.

ಒಂದೂವರೆ ಗಂಟೆ ಸಮಯವಿದ್ದರೆ ಎರಡು ಇಡ್ಲಿ ಅಥವಾ ಎರಡು ಅಕ್ಕಿ ಕಡುಬನ್ನು ಸ್ವಲ್ಪ ಬೆಲ್ಲದ ಪಾಕದ ಜೊತೆ ತಿನ್ನಿ. ಕಾಯಿ ಚಟ್ನಿ ಬೇಡ, ತೆಂಗಿನಕಾಯಿಯ ಕೊಬ್ಬು ಹೊಟ್ಟೆಯನ್ನು ತಡೆದು ನಿಲ್ಲಿಸುತ್ತದೆ. ಅಕ್ಕಿ ರೊಟ್ಟಿಯೂ ಅಕ್ಕಿಯದೇ, ಆದರೆ ಎಣ್ಣೆ ಹಾಕಿ ಬೇಯಿಸಿದ್ದು. ಅದನ್ನು ಓಟ ಮುಗಿಸಿ ಬಂದು ತಿನ್ನಿ.

ಇನ್ನು ಕಾಫಿ. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅಂತ ಹೇಳುವ ಅಗತ್ಯವೇ ಇಲ್ಲ. ಕೆಫೀನ್ ಓಟಕ್ಕೆ ಸಹಾಯ ಮಾಡುತ್ತದೆ ಅನ್ನುವುದು ಚೆನ್ನಾಗಿ ಸಾಬೀತಾಗಿರುವ ವಿಷಯ. ಕಿಲೋ ತೂಕಕ್ಕೆ 3 ಮಿ.ಗ್ರಾಂ ಲೆಕ್ಕದಲ್ಲಿ, ಮುಕ್ಕಾಲು ಅಥವಾ ಒಂದು ಗಂಟೆ ಮೊದಲು ತೆಗೆದುಕೊಂಡರೆ ಕೆಲಸ ಮಾಡುತ್ತದೆ. 60 ಕಿಲೋದವರಿಗೆ 180 ಮಿ.ಗ್ರಾಂ. ನೀವು ಯಾವ ಪುಡಿ ತರುತ್ತೀರಿ ಅನ್ನುವುದರ ಮೇಲೆ ಲೋಟದ ಲೆಕ್ಕ ಬದಲಾಗುತ್ತದೆ. ರೋಬಸ್ಟಾದಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಕೆಫೀನೇ ಇಲ್ಲ. 10 ಗ್ರಾಂ ಶುದ್ಧ ಅರೇಬಿಕಾ ಪುಡಿಯಲ್ಲಿ 120–150 ಮಿ.ಗ್ರಾಂ ಇದ್ದರೆ, ಶೇ. 30 ಚಿಕೋರಿ ಬೆರೆತ ಅರೇಬಿಕಾದಲ್ಲಿ ಅದು 100ರ ಹತ್ತಿರಕ್ಕೆ ಇಳಿಯುತ್ತದೆ. ಹೊಟ್ಟೆಯ ದೃಷ್ಟಿಯಿಂದಲೂ ಚಿಕೋರಿ ಓಟಗಾರರಿಗೆ ಒಳ್ಳೆಯದಲ್ಲ, ಅದರಲ್ಲಿರುವ ಇನ್ಯುಲಿನ್ ಅನ್ನುವ ನಾರು ಕೂಡ ದೊಡ್ಡಕರುಳಿನಲ್ಲಿ ಗ್ಯಾಸ್ ಆಗುವಂಥದ್ದು. ದೊಡ್ಡ ಲೋಟದ ಹಾಲು ಇನ್ನೊಂದು ತೊಂದರೆ. ಚಿಕೋರಿಯಿಲ್ಲದ ಪುಡಿಯ ಡಿಕಾಕ್ಷನ್‌ಗೆ ಬಿಸಿನೀರು, ಬೆಲ್ಲ ಬೆರೆಸಿ 100 ಮಿ.ಲೀ. ಕುಡಿಯಿರಿ. ಎದ್ದ ತಕ್ಷಣ ಕುಡಿದರೆ ಮನೆಯಲ್ಲಿರುವಾಗಲೇ ಕರುಳು ಖಾಲಿಯಾಗುತ್ತದೆ, ಅದೇ ಒಂದು ದೊಡ್ಡ ಉಪಕಾರ. ಎದೆಯುರಿ, ಹುಳಿತೇಗು ಇರುವವರು ಮಾತ್ರ ಬರಿ ಹೊಟ್ಟೆಗೆ ಕಾಫಿ ಹಾಕಬೇಡಿ, ಬಾಳೆಹಣ್ಣಿನ ನಂತರ ಕುಡಿಯಿರಿ.

---

ಬರಿಹೊಟ್ಟೆ_ಓಟ

ಇಷ್ಟೊಂದು ಯಾಕೆ ಸ್ವಾಮಿ? ಬರಿ ಹೊಟ್ಟೆಯಲ್ಲಿ ಓಡಿದರೆ ದೇಹ ಕೊಬ್ಬನ್ನೇ ಉರಿಸುತ್ತದೆ, ತೂಕ ಇಳಿಯುತ್ತದೆ. ಬಾಳೆಹಣ್ಣು ತಿಂದರೆ ಮೊದಲು ಆ ಬಾಳೆಹಣ್ಣು ಕರಗಬೇಕು. ಅಭ್ಯಾಸ ಮಾಡಿಕೊಂಡರೆ 18 ಕಿ.ಮೀ. ಕೂಡ ನೀರಿನ ಮೇಲೆ ಓಡಬಹುದು.

---

ಹಾಸನ_400

@ಬರಿಹೊಟ್ಟೆ_ಓಟ ಸರ್, ಓಡುವ ಆ ಒಂದು ಗಂಟೆಯಲ್ಲಿ ಕೊಬ್ಬು ಹೆಚ್ಚು ಉರಿಯುತ್ತದೆ ಅನ್ನುವುದು ಸರಿ. ಆದರೆ ತೂಕದ ಲೆಕ್ಕ ಇಡೀ ದಿನದ್ದು. ಬೆಳಿಗ್ಗೆ ಕೊಬ್ಬು ಹೆಚ್ಚು ಉರಿಸಿದ ದೇಹ ಉಳಿದ ಹೊತ್ತಿನಲ್ಲಿ ಸಕ್ಕರೆಯನ್ನು ಹೆಚ್ಚು ಉರಿಸುತ್ತದೆ. ಒಟ್ಟು ತಿಂದ ಕ್ಯಾಲೊರಿ ಒಂದೇ ಆಗಿದ್ದರೆ ತಿಂದು ಓಡಿದವರಿಗೂ ಬರಿ ಹೊಟ್ಟೆಯಲ್ಲಿ ಓಡಿದವರಿಗೂ ತೂಕ ಇಳಿಯುವುದರಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಓಟ ಮುಗಿಸಿ ಹಸಿವಿಗೆ ನಾಲ್ಕು ದೋಸೆ ಬೆಣ್ಣೆ ಹಾಕಿ ತಿಂದರೆ ಲೆಕ್ಕ ಅಲ್ಲಿಗೇ ತಲೆಕೆಳಗು.

ನಿಧಾನದ ಓಟವನ್ನು ಬರಿ ಹೊಟ್ಟೆಯಲ್ಲಿ ಓಡುವುದರಿಂದ ಸ್ನಾಯು ಕೊಬ್ಬನ್ನು ಬಳಸುವುದನ್ನು ಚೆನ್ನಾಗಿ ಕಲಿಯುತ್ತದೆ, ಅದು ನಿಜವಾದ ಲಾಭ, ವಾರಕ್ಕೆ ಎರಡು ಸಲ ಅದಕ್ಕೇ ಬಿಟ್ಟಿದ್ದೇನೆ. ಅದೇ ಪದ್ಧತಿಯನ್ನು ವೇಗದ ದಿನಕ್ಕೂ ಭಾನುವಾರಕ್ಕೂ ಹಿಗ್ಗಿಸಿದರೆ ಸುತ್ತುಗಳು ನಿಧಾನವಾಗುತ್ತವೆ, ಕೊನೆಯ ಕಿಲೋಮೀಟರುಗಳಲ್ಲಿ ನಡಿಗೆ ಕೆಡುತ್ತದೆ, ಸುಸ್ತು ಬುಧವಾರದವರೆಗೂ ಎಳೆಯುತ್ತದೆ. ಓಡಲು ಆಗುತ್ತದೆ ಅನ್ನುವುದು ಬೇರೆ, ಆ ಓಟದಿಂದ ಕಲಿಯುವುದು ಬೇರೆ.

---

ಗಿರಿ_ಏರು

ಭಾನುವಾರದ ದಾರಿಗೆ ಸ್ವಲ್ಪ ಸೇರಿಸುತ್ತೇನೆ, ಏರುದಾರಿಯ ಲೆಕ್ಕ ಬಯಲಿನ ಲೆಕ್ಕಕ್ಕಿಂತ ಬೇರೆ.

ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಕೈಮರ ದಾಟಿ ಏರುವ ಮುಳ್ಳಯ್ಯನಗಿರಿ ಬೆಟ್ಟದ ತುದಿ 1,930 ಮೀಟರ್. ನಡುವೆ 840 ಮೀಟರ್ ಏರು. 65 ಕಿಲೋ ತೂಕವನ್ನು ಅಷ್ಟು ಎತ್ತರಕ್ಕೆ ಸಾಗಿಸಲು, ಸ್ನಾಯು ಉರಿಸಿದ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಕೆಲಸಕ್ಕೆ ಬರುತ್ತದೆ ಅಂತ ಹಿಡಿದರೆ, 500 ಕಿಲೋಕ್ಯಾಲೊರಿ ಹೆಚ್ಚುವರಿ ಬೇಕು. ನೀವು ತುದಿಯವರೆಗೆ ಹೋಗದಿದ್ದರೂ ಪ್ರತಿ 100 ಮೀಟರ್ ಏರಿಗೆ 60 ಕ್ಯಾಲೊರಿ ಸೇರಿಸಿಕೊಳ್ಳಿ. ಜೊತೆಗೆ ಏರುವಾಗ ಉಸಿರು ಬಿಗಿಯುತ್ತದೆ, ಅಂದರೆ ನಿಮ್ಮ ‘ನಿಧಾನದ’ ಓಟವೂ ದೇಹಕ್ಕೆ ವೇಗದ ಓಟವೇ, ಸಕ್ಕರೆಯ ಪಾಲು ಹೆಚ್ಚು. 12 ಕಿ.ಮೀ.ಗೆ ಕಾಲು ಸೋಲುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ದಾರಿಯಲ್ಲಿ ತಿನ್ನಲು ಜೆಲ್ (ಓಟಗಾರರಿಗೆಂದು ಪೊಟ್ಟಣದಲ್ಲಿ ಮಾರುವ ಸಕ್ಕರೆ ಪಾಕ) ಕೊಳ್ಳಲೇಬೇಕೆಂದಿಲ್ಲ. ಹಾಸನ ಜಿಲ್ಲೆಯ ಆಲೂಗಡ್ಡೆ ಇದೆ. ನಿಂಬೆ ಗಾತ್ರದವನ್ನು ಸಿಪ್ಪೆ ಸಮೇತ ಉಪ್ಪು ನೀರಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಇನ್ನಷ್ಟು ಉಪ್ಪು ಉದುರಿಸಿ, ಸಣ್ಣ ಕವರಿಗೆ ಹಾಕಿ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 17–20 ಗ್ರಾಂ ಕಾರ್ಬೋಹೈಡ್ರೇಟ್. 150 ಗ್ರಾಂ ಅಂದರೆ ಒಂದು ಗಂಟೆಯ ಪಾಲು ಮುಗಿಯಿತು. ಸಿಹಿ ತಿಂದು ತಿಂದು ಬಾಯಿ ಜಡ್ಡುಗಟ್ಟುವವರಿಗೆ ಉಪ್ಪಿನ ರುಚಿ ಬಹಳ ಹಿತ. ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ದೂರದ ಓಟಗಳಿಗೆ ತಯಾರಾಗುವವರು ಇದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಓಡುತ್ತ ಅಗಿದು ನುಂಗುವುದನ್ನೂ ಹೊಟ್ಟೆ ಕಲಿಯಬೇಕು. ಏದುಸಿರಿನಲ್ಲಿ ಅಗಿದರೆ ಗಾಳಿ ನುಂಗಿ ಹೊಟ್ಟೆ ಉಬ್ಬುತ್ತದೆ. ಕಡಿದಾದ ಏರು ಬಂದಾಗ ನಡೆಯಿರಿ, ನಡೆಯುತ್ತ ತಿನ್ನಿ. ಇಳಿಜಾರು ಶುರುವಾಗುವ ಮುಂಚಿನ ಹತ್ತು ನಿಮಿಷ ಏನೂ ತಿನ್ನಬೇಡಿ, ಇಳಿಯುವಾಗಿನ ಕುಲುಕಾಟಕ್ಕೆ ಪಕ್ಕೆ ಹಿಡಿಯುತ್ತದೆ. ಕಡಲೆ ಮಿಠಾಯಿಯಲ್ಲಿ ಕೊಬ್ಬು ಜಾಸ್ತಿ, ಅದು ವಾಪಸ್ ಬಂದ ಮೇಲೆ.

ಕುಡಿಯಲು: 1 ಲೀಟರ್ ನೀರು, 60 ಗ್ರಾಂ ಸಕ್ಕರೆ (ಸಮತಟ್ಟಾಗಿ ಸುಮಾರು 14 ಟೀ ಚಮಚ), ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಬೆಲ್ಲವಾದರೆ ಅಷ್ಟೇ ತೂಕ, ಕರಗಿಸಿ ಬಟ್ಟೆಯಲ್ಲಿ ಸೋಸಿ. ಸಕ್ಕರೆ ಲೀಟರಿಗೆ 80 ಗ್ರಾಂ ದಾಟಿಸಬೇಡಿ, ದಾಟಿದರೆ ಹೊಟ್ಟೆಯಿಂದ ಇಳಿಯುವುದು ನಿಧಾನವಾಗುತ್ತದೆ. ಗಂಟೆಗೆ 400–500 ಮಿ.ಲೀ., ಹದಿನೈದು ನಿಮಿಷಕ್ಕೊಮ್ಮೆ ಗುಟುಕು ಗುಟುಕಾಗಿ. ಇದನ್ನು ಕುಡಿಯುತ್ತಿದ್ದರೆ ಆಲೂಗಡ್ಡೆಯ ಪಾಲನ್ನು ಮೂರರಲ್ಲಿ ಒಂದಕ್ಕೆ ಇಳಿಸಿ.

ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿಯನ್ನು ಶಕ್ತಿಗಾಗಿ ಕುಡಿಯುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ಟಿನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಭೇದಿಯಲ್ಲಿ ಹೋದ ನೀರು, ಲವಣ ತುಂಬಲು ಮಾಡಿದ್ದು, ಓಟದ ಇಂಧನಕ್ಕಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಓಟದ ನಂತರ ಚಿಟಿಕೆ ಉಪ್ಪು ಬೆರೆಸಿ ಕುಡಿದರೆ ಸರಿಹೋಗುತ್ತದೆ.

ಇನ್ನೊಂದು ಮಾತು. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯವರು ಇದನ್ನು ಓದುತ್ತಿದ್ದರೆ ತೋಟದ ರಸ್ತೆಗಳಿಗೆ ಕತ್ತಲಲ್ಲಿ ಇಳಿಯಬೇಡಿ. ಆನೆ ಓಡಾಡುವ ಹೊತ್ತು ಅದು. ಬೆಳಕು ಹರಿದು ಆರೂವರೆ ಆದ ಮೇಲೆ ಹೊರಡುವುದಾದರೆ ಐದಕ್ಕೆ ಎದ್ದವರಿಗೆ ಒಂದೂವರೆ ಗಂಟೆ ಸಿಗುತ್ತದೆ, ಮೇಲೆ ಹೇಳಿದ ಎರಡು ಇಡ್ಲಿಗೆ ಬೇಕಾದಷ್ಟು ಸಮಯ.

---

ಸ್ಟೆತಸ್ಕೋಪು

ಸಕ್ಕರೆ ಕಾಯಿಲೆಯ ಹಿರಿಯರ ವಿಷಯವನ್ನು ಯಾರೂ ಮುಟ್ಟಿಲ್ಲ. ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಯಾವ ಮಾತ್ರೆ ಅನ್ನುವುದನ್ನು ಮೊದಲು ಕೇಳಿ. ಮೆಟ್‌ಫಾರ್ಮಿನ್ ಒಂದೇ ಆದರೆ ಬರಿ ಹೊಟ್ಟೆಯ ಓಟದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ಅಥವಾ ಇನ್ಸುಲಿನ್ ಆದರೆ ಕುಸಿಯಬಹುದು. ಈ ಮಾತ್ರೆಗಳು ನೀವು ತಿಂದಿದ್ದೀರೋ ಇಲ್ಲವೋ ನೋಡದೆ ಇನ್ಸುಲಿನ್ ಸುರಿಸುತ್ತವೆ, ಅದರ ಮೇಲೆ ಓಟವೂ ಸಕ್ಕರೆಯನ್ನು ಇಳಿಸುತ್ತದೆ. ಅಂಥವರು ಬೆಳಗಿನ ಮಾತ್ರೆ ನುಂಗಿ, ತಿಂಡಿ ತಿನ್ನದೆ ಓಡಲೇಬಾರದು. ಓಟದ ದಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅನ್ನುವುದನ್ನು ತಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಲಿ, ತಾವಾಗಿ ಬದಲಿಸುವುದು ಬೇಡ.

ಓಡುವ ಮೊದಲು ಗ್ಲೂಕೋಮೀಟರಿನಲ್ಲಿ ನೋಡಲಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಅಂದು ಓಟ ಬೇಡ. 70–90 ಇದ್ದರೆ 15–30 ಗ್ರಾಂ ಕಾರ್ಬೋಹೈಡ್ರೇಟ್ ತಿಂದು, 90 ದಾಟಿದ್ದನ್ನು ಖಚಿತ ಮಾಡಿಕೊಂಡು ಹೊರಡಬಹುದು. 250 ದಾಟಿದ್ದು ಜೊತೆಗೆ ಮೈ ಸರಿಯಿಲ್ಲದಿದ್ದರೆ ಓಡಬಾರದು. ಟೈಪ್ 1 ಇರುವವರು ಆಗ ಕೀಟೋನ್ ಪರೀಕ್ಷೆ ಮಾಡಿಕೊಳ್ಳಬೇಕು. ಜೇಬಿನಲ್ಲಿ ಮೂರು ಟೀ ಚಮಚ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರಲಿ, ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಅವರ ಪಕ್ಕದಲ್ಲಿ ಓಡುವವರಿಗೆ ಪೊಟ್ಟಣ ಯಾವ ಜೇಬಿನಲ್ಲಿದೆ ಅಂತ ಗೊತ್ತಿರಲಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುತ್ತಿದ್ದರೆ ಎದೆಬಡಿತ, ಕೈನಡುಕದ ಸೂಚನೆ ಮರೆಯಾಗಬಹುದು. ಬೆವರು ಮಾತ್ರ ಬರುತ್ತದೆ, ಓಡುವಾಗ ಅದನ್ನು ಗುರುತಿಸುವುದು ಕಷ್ಟ. ಓಟ ಮುಗಿದ ಎಷ್ಟೋ ಹೊತ್ತಿನ ಮೇಲೆ, ರಾತ್ರಿ ನಿದ್ದೆಯಲ್ಲೂ ಸಕ್ಕರೆ ಕುಸಿಯಬಹುದು. ಹಾಗಾಗಿ ಭಾನುವಾರ ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಗುಂಪಿನ ಹೆಣ್ಣುಮಕ್ಕಳಿಗೆ ಒಂದು ಮಾತು. ಬರಿ ಹೊಟ್ಟೆಯಲ್ಲಿ ಓಡಿ, ಮನೆಗೆ ಹೋಗಿ ಎಲ್ಲರಿಗೂ ತಿಂಡಿ ಮಾಡಿ ಬಡಿಸಿ, ತಾವು ತಿನ್ನುವಾಗ ಹತ್ತಾಗಿರುತ್ತದೆ. ಇದು ದಿನವೂ ನಡೆದರೆ ದೇಹ ಶಕ್ತಿಯ ಕೊರತೆಗೆ ಬೀಳುತ್ತದೆ. ಮುಟ್ಟು ತಪ್ಪುವುದು, ಮೂಳೆಯಲ್ಲಿ ಬಿರುಕು ಬಿಡುವುದು ಅದರ ಫಲ. ಮೂರು ತಿಂಗಳು ಮುಟ್ಟು ನಿಂತರೆ ‘ಓಟ ಜಾಸ್ತಿಯಾಯಿತು’ ಅಂತ ಸುಮ್ಮನಿರದೆ ವೈದ್ಯರನ್ನು ನೋಡಿ. ಓಟ ಮುಗಿದ ಒಂದು ಗಂಟೆಯೊಳಗೆ ತಿಂಡಿ ತಿನ್ನಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರು ಆ ಮಾತ್ರೆಗೂ ತಿಂಡಿಗೂ ಕಾಫಿಯಿಂದ ಒಂದು ಗಂಟೆ ಅಂತರ ಇಡಿ, ಕಾಫಿ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ.

---

ಕೈಮರ_ರಸ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಹಿರಿಯರನ್ನು ಇವತ್ತೇ ಕೇಳಿದೆ, ಅವರದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ವೈದ್ಯರನ್ನು ಕಂಡು ಬರುವವರೆಗೆ ಅವರು ನಡಿಗೆ ಮಾತ್ರ ಮಾಡಲು ಒಪ್ಪಿದ್ದಾರೆ.

ಇನ್ನೊಂದೇ ಪ್ರಶ್ನೆ, ಹುಡುಗರದು. ದೈಹಿಕ ಪರೀಕ್ಷೆಯ ದಿನ ಬೆಳಿಗ್ಗೆ ಆರಕ್ಕೇ ಸರದಿಯಲ್ಲಿ ನಿಲ್ಲಿಸುತ್ತಾರೆ, ಅಳತೆ, ದಾಖಲೆ ಎಲ್ಲ ಮುಗಿದು ಓಟದ ಸರದಿ ಬರುವಾಗ ಹತ್ತೋ ಹನ್ನೊಂದೋ ಆಗಬಹುದು. ಅಂಥ ದಿನ ಏನು ತಿನ್ನಬೇಕು?

---

ಹಾಸನ_400

ಪುರುಷರಿಗೆ 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 62 ಕಿಲೋ ಹುಡುಗನಿಗೆ ಅದಕ್ಕೆ ಬೇಕಾದ್ದು ಸುಮಾರು 100 ಕ್ಯಾಲೊರಿ, ಅಂದರೆ 25 ಗ್ರಾಂ ಸಕ್ಕರೆ. ಹಿಂದಿನ ರಾತ್ರಿ ಚೆನ್ನಾಗಿ ಉಂಡಿದ್ದರೆ ಅಷ್ಟು ಕಾಲಲ್ಲೇ ಇದೆ. ಅಂದಿನ ಕೆಲಸ ಎರಡೇ: ನಾಲ್ಕೈದು ಗಂಟೆ ಕಾಯುವಾಗ ಯಕೃತ್ತು ಖಾಲಿಯಾಗದಂತೆ ನೋಡಿಕೊಳ್ಳುವುದು, ಓಡುವ ಹೊತ್ತಿಗೆ ಹೊಟ್ಟೆ ಹಗುರವಾಗಿರುವುದು.

ನಾಲ್ಕೂವರೆ, ಐದಕ್ಕೆ ಮೂರು ಇಡ್ಲಿ ಅಥವಾ ಎರಡು ಬ್ರೆಡ್ ಹೋಳು, ಒಂದು ಬಾಳೆಹಣ್ಣು. ಸರದಿಯಲ್ಲಿ ನಿಂತ ಮೇಲೆ ಗಂಟೆಗೊಂದು ಏಲಕ್ಕಿ ಬಾಳೆ ಅಥವಾ ಮೂರು ಗ್ಲೂಕೋಸ್ ಬಿಸ್ಕತ್ತು, ಜೊತೆಗೆ ಎರಡು ಮೂರು ಗುಟುಕು ನೀರು. ಜೇಬಿನಲ್ಲಿ ನಾಲ್ಕು ಬಾಳೆ, ಒಂದು ಚಿಕ್ಕ ಬಿಸ್ಕತ್ತು ಪ್ಯಾಕೆಟ್, ಅರ್ಧ ಲೀಟರ್ ಬಾಟಲಿ ಇದ್ದರೆ ಹನ್ನೊಂದರವರೆಗೂ ನಡೆಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಟೋಪಿ ಹಾಕಿಕೊಳ್ಳಲಿ, ನೀರು ಸ್ವಲ್ಪ ಹೆಚ್ಚಿಸಲಿ. ತಮ್ಮ ತಂಡದ ಮುಂದೆ ಇನ್ನೆರಡು ತಂಡ ಇವೆ ಅನ್ನುವಾಗ ತಿನ್ನುವುದನ್ನು ನಿಲ್ಲಿಸಿ, ವಾರ್ಮ್‌ಅಪ್ ಶುರುಮಾಡಬೇಕು. ಜಾಗ ಇಲ್ಲದಿದ್ದರೆ ನಿಂತಲ್ಲೇ ಮೊಣಕಾಲು ಎತ್ತಿ ಹತ್ತು ನಿಮಿಷ.

ಕೊನೆಯ ಗಳಿಗೆಯಲ್ಲಿ ಗ್ಲೂಕೋಸ್ ಪುಡಿಯನ್ನು ಲೋಟಕ್ಕೆ ಹಿಡಿಗಟ್ಟಲೆ ಸುರಿದು ಕುಡಿಯುವ ಚಾಳಿ ಪರೀಕ್ಷೆಯ ಮೈದಾನಗಳಲ್ಲಿ ಇದೆ, ದಯವಿಟ್ಟು ತಪ್ಪಿಸಿ. 200 ಮಿ.ಲೀ.ಗೆ 50 ಗ್ರಾಂ ಹಾಕಿದರೆ ಅದು ಶೇ. 25ರ ದ್ರಾವಣ. ಕರುಳು ಅದನ್ನು ತಿಳಿ ಮಾಡಲು ದೇಹದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ, ಎರಡನೇ ಸುತ್ತಿಗೇ ಹೊಟ್ಟೆ ನುಲಿಯುತ್ತದೆ. ಸ್ನೇಹಿತ ಕೊಟ್ಟ ಎನರ್ಜಿ ಡ್ರಿಂಕನ್ನು ಆ ದಿನ ಮೊದಲ ಸಲ ಕುಡಿಯುವುದೂ ಬೇಡ.

ಇದನ್ನು ಪರೀಕ್ಷೆಗೆ ಎರಡು ವಾರ ಮೊದಲು ಒಮ್ಮೆ ಪೂರ್ತಿ ಅಭ್ಯಾಸ ಮಾಡಿಸಿ: ಐದಕ್ಕೆ ತಿಂಡಿ, ಮೈದಾನದ ಪಕ್ಕ ಗಂಟೆಗಟ್ಟಲೆ ನಿಲ್ಲುವುದು, ಹತ್ತೂವರೆಗೆ 1600 ಮೀಟರ್. 400 ಮೀಟರ್ ಟ್ರ್ಯಾಕಿನಲ್ಲಿ ಸುತ್ತಿಗೆ 97 ಸೆಕೆಂಡ್ ಬಂದರೆ ಸಮಯದೊಳಗೆ ಮುಗಿಯುತ್ತದೆ. ಮೊದಲ ಸುತ್ತನ್ನು 90ಕ್ಕಿಂತ ಬೇಗ ಓಡಲು ಬಿಡಬೇಡಿ, ಮೂರನೇ ಸುತ್ತಿನಲ್ಲಿ ಸಮಯ ಎಷ್ಟು ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅಲ್ಲಿ 102 ದಾಟಿದರೆ ಅಂದಿನ ತಿಂಡಿಯ ಗಂಟೆ, ಪ್ರಮಾಣ ಎರಡನ್ನೂ ಇಲ್ಲಿ ಹಾಕಿ, ಯಾವುದನ್ನು ಬದಲಿಸಬೇಕು ಅಂತ ನೋಡೋಣ.